ಷಡ್ಡಕನ ಪ್ರಿಂಟರು

ನನ್ನ ಹೆಂಡತಿಯ ತವರಿನಲ್ಲಿ ನನಗೊಂದು ಹುದ್ದೆಯಿತ್ತು. ಸಂಬಳವಿಲ್ಲದ, ಆದೇಶಪತ್ರವಿಲ್ಲದ, ನಿವೃತ್ತಿಯೂ ಇಲ್ಲವೆಂದು ನಾನು ನಂಬಿಕೊಂಡಿದ್ದ ಹುದ್ದೆ. ಆ ಮನೆಯಲ್ಲಿ ಯಾರ ನಿಶ್ಚಿತಾರ್ಥವೇ ಆಗಲಿ, ಲಗ್ನಪತ್ರಿಕೆ ಬರೆಯುವವನು ನಾನು. ಎರಡೂ ಕಡೆಯವರು ಎದುರುಬದುರಾಗಿ ಜಮಖಾನದ ಮೇಲೆ ಕೂರುತ್ತಾರೆ. ಪುರೋಹಿತರು ಮಾಸ, ತಿಥಿ, ವಾರ, ನಕ್ಷತ್ರ, ಲಗ್ನ ಎಂದು ಹೇಳುತ್ತ ಹೋಗುತ್ತಾರೆ. ನಾನು ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಮಣೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ದಪ್ಪ ಕಾಗದದ ಮೇಲೆ ಶಾಯಿ ಪೆನ್ನಿನಲ್ಲಿ ಬರೆಯುತ್ತೇನೆ. ಮುಗಿದ ಮೇಲೆ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ, ಎಲ್ಲರಿಗೂ ಕೇಳುವಂತೆ ಓದಿ, ಎಲೆ ಅಡಿಕೆ ತೆಂಗಿನಕಾಯಿಯ ಜೊತೆ ತಟ್ಟೆಯಲ್ಲಿಟ್ಟು ಬೀಗರಿಗೆ ಕೊಡುವುದು. ಅಷ್ಟು ಹೊತ್ತು ಇಡೀ ಮನೆ ನನ್ನ ಬಲಗೈಯನ್ನೇ ನೋಡುತ್ತಿರುತ್ತದೆ. ಉಳಿದ ದಿನಗಳಲ್ಲಿ ಆ ಮನೆಯವರು ನನ್ನ ಕಡೆ ತಿರುಗುವುದು ಕಾಫಿಗೆ ಸಕ್ಕರೆ ಬೇಕೋ ಬೇಡವೋ ಎಂದು ಕೇಳುವುದಕ್ಕೆ ಮಾತ್ರ.

ಈ ಹುದ್ದೆ ನನಗೆ ಬಂದದ್ದು ನ್ಯಾಯವಾಗಿಯೇ. ನಾನು ಬ್ಯಾಂಕಿನವನು. ಮೊದಲ ಸಲ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಾಗ ಇನ್ನೂ ಬ್ರಹ್ಮಚಾರಿ, ಡಿಮ್ಯಾಂಡ್ ಡ್ರಾಫ್ಟುಗಳನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲ. ಬಂದರಿನ ಕಚೇರಿಯ ನೌಕರರೊಬ್ಬರು ಡ್ರಾಫ್ಟು ಮಾಡಿಸಲು ಬಂದರು, ನನ್ನ ಅಕ್ಷರ ನೋಡಿದರು, ಹೆಸರಿನಿಂದ ಕನ್ನಡದವನೆಂದು ಕಂಡುಹಿಡಿದರು, "ಯಾವೂರಪ್ಪ ನಿಮ್ಮದು?" ಎಂದರು. ಅವರ ಮನೆತನ ಕೋಲಾರದ ಕಡೆಯಿಂದ ಬಂದು ಅಲ್ಲೇ ನೆಲೆಸಿದ್ದು. ಆಮೇಲೆ ಊಟಕ್ಕೆ ಕರೆದರು, ಆಮೇಲೆ ಜಾತಕ ಕೇಳಿದರು. ಹೀಗೆ ಅವರು ನನ್ನ ಮಾವನವರಾದರು. ನನಗೆ ಮಗಳನ್ನು ಕೊಟ್ಟದ್ದು ಅಕ್ಷರಕ್ಕಾಗಿ ಎಂದು ನಾನೂ, ಬೇರೆ ಗಂಡು ಸಿಗದ್ದಕ್ಕಾಗಿ ಎಂದು ನನ್ನ ಹೆಂಡತಿಯೂ ಇಂದಿಗೂ ವಾದಿಸುತ್ತೇವೆ. ಹಲವು ಊರು ಸುತ್ತಿ, ಸೇವೆಯ ಕೊನೆಯ ವರ್ಷಗಳಲ್ಲಿ ಮತ್ತೆ ಅದೇ ಊರಿನ ದ್ವಾರಕಾ ನಗರದ ಶಾಖೆಗೆ ಬಂದು ಕೂತಿದ್ದೇನೆ. ಡ್ರಾಫ್ಟು ಬರೆಯುವವರು ಈಗ ಯಾರೂ ಇಲ್ಲ. ನನ್ನ ಅಕ್ಷರಕ್ಕೆ ಉಳಿದಿದ್ದ ಆಶ್ರಯ ಲಗ್ನಪತ್ರಿಕೆಯೊಂದೇ.

ಪ್ರತಿ ಸಲ ಬರೆದು ಮುಗಿಸಿದಾಗಲೂ ಮಾವನವರು ಕಾಗದವನ್ನು ತೋಳುದ್ದ ದೂರ ಹಿಡಿದು, ಕನ್ನಡಕದ ಮೇಲಿನಿಂದ ಒಮ್ಮೆ ಕೆಳಗಿನಿಂದ ಒಮ್ಮೆ ನೋಡಿ, "ಪರವಾಗಿಲ್ಲ" ಎನ್ನುತ್ತಾರೆ. ಅಷ್ಟೇ. ಆ ಒಂದು ಮಾತಿಗಾಗಿ ನಾನು ಹಿಂದಿನ ವಾರವೆಲ್ಲ ಶಾಯಿ ಬದಲಿಸಿ, ನಿಬ್ಬು ತೊಳೆದು, ಹಳೆಯ ಕ್ಯಾಲೆಂಡರುಗಳ ಬೆನ್ನ ಮೇಲೆ 'ಶ್ರೀ' ಬರೆದು ಬರೆದು ಅಭ್ಯಾಸ ಮಾಡಿರುತ್ತೇನೆ.

ಇನ್ನು ಷಡ್ಡಕನ ವಿಷಯ. ನನ್ನ ನಾದಿನಿಯ ಗಂಡ. ವಿಶಾಖಪಟ್ಟಣದವನೇ, ತೆಲುಗಿನವನು, ಪರವಾಡದ ಔಷಧಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಅಧಿಕಾರಿ. ಮದುವೆಯಾದ ಮೇಲೆ ಕನ್ನಡ ಕಲಿತ. ನನ್ನನ್ನು ಅಣ್ಣಯ್ಯ ಎನ್ನುತ್ತಾನೆ, ಕಂಡಲ್ಲಿ ಎದ್ದು ನಿಲ್ಲುತ್ತಾನೆ, ನನ್ನ ಚೀಲ ತಾನು ಹೊರುತ್ತಾನೆ. ದ್ವೇಷಿಸಲು ಒಂದು ಸಣ್ಣ ಕಾರಣವನ್ನೂ ಕೊಡದವನು. ಇಂಥವರ ಜೊತೆ ಬದುಕುವುದು ಎಷ್ಟು ಕಷ್ಟ ಎಂಬುದನ್ನು ಅನುಭವಿಸಿದವರೇ ಬಲ್ಲರು. ಅರಿಷಡ್ವರ್ಗದಲ್ಲಿ ಮಾತ್ಸರ್ಯವನ್ನು ಕೊನೆಯಲ್ಲಿ ಕೂರಿಸಿದ ಹಿರಿಯರಿಗೆ ಷಡ್ಡಕರಿರಲಿಲ್ಲವೆಂದು ಕಾಣುತ್ತದೆ.

ಮಾವನವರು ನನ್ನನ್ನು 'ನೀವು' ಎನ್ನುತ್ತಾರೆ. "ಬನ್ನಿ, ಕೂತ್ಕೊಳಿ, ಊಟ ಆಯ್ತಾ?" ಅವನನ್ನೋ, "ಬಾರೋ ಇಲ್ಲಿ, ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?" ಎನ್ನುತ್ತಾರೆ. ಮೊದಮೊದಲು ಇದನ್ನು ನಾನು ನನ್ನ ಗೌರವವೆಂದು ತಿಳಿದಿದ್ದೆ. ಅವನಿಗೆ ಬೀಳುತ್ತಿದ್ದ ಆ ಬೈಗುಳದಲ್ಲಿ ನನಗೂ ಒಂದು ಪಾಲು ಬೇಕಿತ್ತೆಂದು ತಿಳಿಯಲು ವರ್ಷಗಳೇ ಹಿಡಿದವು.

ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳಿಗೆ ವಿಜಯವಾಡದಲ್ಲಿ ಸಂಬಂಧ ಗೊತ್ತಾಯಿತು. ಹುಡುಗನ ತಾಯಿ ಕನ್ನಡದವರು, ತಂದೆ ತೆಲುಗಿನವರು. ನಿಶ್ಚಿತಾರ್ಥ ಅವರ ಮನೆಯಲ್ಲೇ. ಹುಡುಗಿ, ಅವಳ ಅಪ್ಪ ಅಮ್ಮ, ನನ್ನ ನಾದಿನಿ ಎಲ್ಲರೂ ಹಿಂದಿನ ದಿನವೇ ರೈಲಿನಲ್ಲಿ ಹೋದರು. ಷಡ್ಡಕನ ಕಾರಿನಲ್ಲಿ ಹೊರಟವರು ನಾವು ನಾಲ್ಕು ಜನ: ಓಡಿಸಲು ಅವನು, ಪಕ್ಕದಲ್ಲಿ ಮಾವನವರು, ಹಿಂದೆ ನಾನು, ನನ್ನ ಹೆಂಡತಿ, ಮತ್ತು ನಮ್ಮಿಬ್ಬರ ನಡುವೆ ಹಣ್ಣಿನ ತಟ್ಟೆಗಳು. ನನ್ನ ಕೈಚೀಲದಲ್ಲಿ ದಪ್ಪ ಕಾಗದದ ಹಾಳೆಗಳಿದ್ದವು. ಪೆನ್ನು ಜೇಬಿನಲ್ಲಿ, ನಿಬ್ಬು ಮೇಲಕ್ಕೆ.

ಬೆಳಗಿನ ತಂಪಿನಲ್ಲಿ ಅನಕಾಪಲ್ಲಿ ದಾಟಿತು, ತುನಿ ದಾಟಿತು. ಅನ್ನವರದಲ್ಲಿ ಪ್ರಸಾದಕ್ಕೆಂದು ನಿಲ್ಲಿಸಿದೆವು. ಎಲೆಯಲ್ಲಿ ಕಟ್ಟಿದ ಬಿಸಿ ಪ್ರಸಾದವನ್ನು ಬಾಯಿಗಿಡುವಷ್ಟರಲ್ಲಿ ಷಡ್ಡಕನ ಫೋನು ರಿಂಗಾಯಿತು. ಅವನು ತೆಲುಗಿನಲ್ಲಿ "ಆಂ ಅಂಡಿ... ಸರೇ ಅಂಡಿ... ಅಲಾಗೇ ಅಂಡಿ" ಎಂದು ಮುಗಿಸಿ ನಮ್ಮ ಕಡೆ ತಿರುಗಿದ.

"ಬೀಗರು ಮಾಡಿದ್ದು, ಮಾವಯ್ಯ. ಪುರೋಹಿತರಿಗೆ ಇನ್ನೊಂದು ಕಡೆ ಹೋಗಬೇಕಂತೆ. ನಾವು ಹೋದ ತಕ್ಷಣ, ರಾಹುಕಾಲಕ್ಕೆ ಮುಂಚೆ ಮುಗಿಸಬೇಕಂತೆ. ಕೂತು ಬರೆಯೋಕೆ ಟೈಮಿರಲ್ಲ, ಲಗ್ನಪತ್ರಿಕೆ ಬರೆದುಕೊಂಡೇ ಬನ್ನಿ ಅಂತಿದಾರೆ. ಮುಹೂರ್ತದ ವಿವರ ಎಲ್ಲ ವಾಟ್ಸಾಪಿಗೆ ಹಾಕಿದಾರೆ. ಒಂದು ಕನ್ನಡದಲ್ಲಿ ನಮ್ಮ ಕಡೆಗೆ, ಒಂದು ತೆಲುಗಲ್ಲಿ ಅವರ ಕಡೆಗೆ."

ಮಾವನವರು ನನ್ನ ಕಡೆ ನೋಡಿದರು. "ಏನ್ರೀ, ಕಾರಲ್ಲೇ ಬರೆಯೋಕಾಗುತ್ತಾ?"

ಆಗುವುದಿಲ್ಲ ಎನ್ನುವುದು ವಿವೇಕಿಯ ಉತ್ತರ. ತೆಲುಗಿನದನ್ನು ಆಮೇಲೆ ನೋಡಿಕೊಂಡರಾಯಿತೆಂದು, "ಆಗದೇ ಏನು!" ಎಂದೆ.

ಕಾರು ಹೊರಟಿತು. ತಟ್ಟೆಯೊಂದರ ಬಾಳೆಹಣ್ಣನ್ನು ಹೆಂಡತಿಯ ಮಡಿಲಿಗೆ ಸುರಿದು, ತಟ್ಟೆಯನ್ನು ಬೋರಲು ಹಾಕಿ, ಅದರ ಮೇಲೆ ಕಾಗದವಿಟ್ಟು, ಪೆನ್ನಿನ ಮುಚ್ಚಳ ತೆಗೆದೆ. 'ಶ್ರೀ' ಬರೆಯಲು ಕೈಯೂರಿದ ಗಳಿಗೆಗೆ ಸರಿಯಾಗಿ ರಸ್ತೆ ಕಾಮಗಾರಿಯ ತಿರುವು ಬಂತು. ಕಾಗದದ ಮೇಲೆ ಮೂಡಿದ್ದು ಅಕ್ಷರವಲ್ಲ, ಮರಳಿನಲ್ಲಿ ಓಡುತ್ತಿರುವ ಏಡಿ. ಎರಡನೆಯ ಹಾಳೆಯಲ್ಲಿ 'ಶ್ರೀ' ನೆಟ್ಟಗೆ ಬಂತು, 'ಶುಭಮಸ್ತು' ಕೊನೆಯಲ್ಲಿ ಲಾರಿಯೊಂದಕ್ಕೆ ದಾರಿ ಬಿಟ್ಟು ಹಾಳೆಯಿಂದ ಕೆಳಗಿಳಿಯಿತು. ಮೂರನೆಯ ಹಾಳೆಗೆ ನನ್ನ ಹೆಂಡತಿ ಬಾಯಿ ತೆರೆದಳು.

"ಸೀರೆಗೆ ಶಾಯಿ ಬಿದ್ರೆ ನೋಡಿ ಮತ್ತೆ. ಇದು ಅಣ್ಣ ಕೊಡಿಸಿದ್ದು, ನೀವು ಕೊಡಿಸಿದ್ದಾದ್ರೆ ಬಿಟ್ಟುಬಿಡ್ತಿದ್ದೆ."

"ಒಂದು ಹೋಟೆಲ್ ಹತ್ರ ನಿಲ್ಲಿಸಿದ್ರೆ ಮೇಜಿನ ಮೇಲೆ ಬರೆದುಬಿಡ್ತೀನಿ" ಎಂದೆ.

"ಆಮೇಲೆ ರಾಹುಕಾಲ ಹಿಡಿದುಕೊಂಡು ಕೂರೋರು ಯಾರ್ರೀ?" ಎಂದರು ಮಾವನವರು. "ನೀವು ಬರೆಯೋದು ಶಾಸನ ಕೆತ್ತಿದ ಹಾಗೆ. ಅರ್ಧ ದಿನ ಬೇಕು."

ಆಗ ಷಡ್ಡಕ, ಯಾರ ಮನಸ್ಸಿಗೂ ನೋವಾಗದ ದನಿಯಲ್ಲಿ, "ಅಣ್ಣಯ್ಯ, ನೀವು ತಪ್ಪು ತಿಳಿಯಲ್ಲ ಅಂದ್ರೆ, ನನ್ನ ಹತ್ರ ಒಂದು ಪ್ರಿಂಟರ್ ಇದೆ. ಕಾರಲ್ಲೇ ಇದೆ" ಎಂದ.

ಗೋದಾವರಿ ಸೇತುವೆ ದಾಟಿದ ಮೇಲೆ ನೆರಳಿದ್ದ ಕಡೆ ನಿಲ್ಲಿಸಿ, ಮುಂದಿನ ಸೀಟಿನ ಕೆಳಗಿನಿಂದ ಒಂದು ವಸ್ತು ತೆಗೆದ. ಕಪ್ಪಗೆ, ಉದ್ದಕ್ಕೆ, ಚಪಾತಿ ಒತ್ತುವ ಲಟ್ಟಣಿಗೆಗಿಂತ ಕೊಂಚ ದಪ್ಪ. ವೈರಿಲ್ಲ, ಶಾಯಿಯಿಲ್ಲ, ಬ್ಯಾಟರಿಯಲ್ಲಿ ನಡೆಯುವುದು, ಫೋನಿನಿಂದ ಹೇಳಿದರೆ ಸಾಕು. ಕಾರ್ಖಾನೆಗೆ ಕಚ್ಚಾ ಸಾಮಾನು ಕೊಡುವವರನ್ನು ತಪಾಸಣೆ ಮಾಡಲು ಅವನು ಊರೂರು ತಿರುಗಬೇಕು, ನೋಡಿದ್ದನ್ನು ಅಲ್ಲೇ ಅಚ್ಚು ಹಾಕಿ ಸಹಿ ತೆಗೆದುಕೊಳ್ಳಬೇಕು, ಅದಕ್ಕಾಗಿ ಇಟ್ಟುಕೊಂಡದ್ದು.

"ಏನೋ ಇದು? ಲಟ್ಟಣಿಗೆ ಹಂಗಿದೆ, ಇದರಲ್ಲಿ ಪ್ರಿಂಟ್ ಬರುತ್ತೇನೋ?" ಎಂದು ಮಾವನವರು ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡರು.

"ಬರುತ್ತೆ ಮಾವಯ್ಯ, ನೋಡ್ತಾ ಇರಿ. ಅಣ್ಣಯ್ಯ, ನೀವು ಫೋನಿಗೆ ಹೇಳಿಬಿಡಿ. ನಿಮ್ಮ ಹಾಗೆ ಒಕ್ಕಣೆ ಹೇಳೋರು ಇನ್ನು ಯಾರಿದಾರೆ?"

ವಿಧಿ ಎಷ್ಟು ವಿನಯದಿಂದ ಬರಬಹುದು ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಕೊಡಬಹುದು. ನನ್ನ ಹುದ್ದೆಯನ್ನು ಕಸಿಯುವ ಯಂತ್ರಕ್ಕೆ ನಾನೇ ಪಾಠ ಹೇಳಬೇಕಾಯಿತು. ಹೆದ್ದಾರಿಯ ಬದಿಯಲ್ಲಿ, ಲಾರಿಗಳ ಹಾರನ್ನುಗಳ ನಡುವೆ, ಅವನ ಫೋನನ್ನು ಬಾಯಿಯ ಮುಂದೆ ಹಿಡಿದು, "ಶ್ರೀ ಮಹಾಗಣಾಧಿಪತಯೇ ನಮಃ" ಎಂದು ಆರಂಭಿಸಿ, ಗೋತ್ರಗಳನ್ನೂ ತಿಥಿ ನಕ್ಷತ್ರಗಳನ್ನೂ ಹೇಳಿ, "ಗುರುಹಿರಿಯರ ಸಮಕ್ಷಮ ನಿಶ್ಚಯಿಸಲಾಗಿದೆ" ಎಂಬಲ್ಲಿಗೆ ಮುಗಿಸಿದೆ. ಫೋನು ಎಲ್ಲವನ್ನೂ ಬರೆದುಕೊಂಡಿತು. ತಪ್ಪು ಸಿಗಲಿ ಎಂದು ಕನ್ನಡಕ ಒರೆಸಿಕೊಂಡು ಹುಡುಕಿದೆ. ಒಂದು ಸಿಕ್ಕಿತು. ಅದು ನಾನೇ ತಪ್ಪಾಗಿ ಹೇಳಿದ್ದು. ಅವನು ಒಂದೆರಡು ಕಡೆ ಬೆರಳಾಡಿಸಿದ, ಅದೇ ಒಕ್ಕಣೆ ತೆಲುಗು ಲಿಪಿಯಲ್ಲಿ ಬಂದು ನಿಂತಿತು. ಯಂತ್ರ ಸಣ್ಣಗೆ ಗೊರಕೆ ಹೊಡೆಯಿತು. ಅದರದೇ ಬೆಳ್ಳಗಿನ ನುಣುಪು ಹಾಳೆಗಳೆರಡು ಒಂದರ ಹಿಂದೊಂದು ಈ ಕಡೆಯಿಂದ ಒಳಗೆ ಹೋಗಿ ಆ ಕಡೆಯಿಂದ ಅಚ್ಚಾಗಿ ಹೊರಗೆ ಬಂದವು.

ಮಾವನವರ ಮುಖ ನೋಡಬೇಕಿತ್ತು. ಬಂದರಿನಲ್ಲಿ ಅವರ ಸೇವೆಯೆಲ್ಲ ಹಡಗಿನ ಕಾಗದಗಳ ಹಿಂದೆ ಓಡಾಡಿಯೇ ಕಳೆದದ್ದು. ಟೈಪು ಮಾಡುವವನು ರಜೆ ಹಾಕಿದರೆ ಹಡಗೇ ನಿಲ್ಲುತ್ತಿತ್ತಂತೆ.

"ಇದೊಂದು ಆಗ ನನ್ನ ಹತ್ರ ಇದ್ದಿದ್ರೆ, ಲೋ, ಹಡಗು ಲಂಗರು ಹಾಕೋ ಮುಂಚೆ ಕಾಗದ ಕೊಟ್ಟು ವಾಪಸ್ ಕಳಿಸ್ತಿದ್ದೆ! ಇನ್ನೊಂದು ಸಲ ಮಾಡೋ, ನೋಡೋಣ."

"ಇನ್ನೊಂದು ಯಾಕೆ ಮಾವಯ್ಯ?"

"ಸುಮ್ನೆ ಕಣೋ. ಬರೋದು ನೋಡೋಕೆ."

ಸುಮ್ಮನೆ, ಬರುವುದನ್ನು ನೋಡಲು! ನಾನು ಬರೆಯುವಾಗ ಅವರು ಇನ್ನೊಂದು ಸಲ ಎಂದದ್ದಿಲ್ಲ. ನಾನು ಕಿಟಕಿಯಾಚೆಗಿನ ತೆಂಗಿನ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ಯಾಕ್ರೀ ಮುಖ ಹಂಗಾಗಿದೆ? ಬಸ್ಸಲ್ಲಿ ಟವಲ್ ಹಾಕಿದ ಸೀಟು ಬೇರೆಯವರು ಹಿಡಿದ ಹಂಗೆ?" ಎಂದಳು ಹೆಂಡತಿ, ಮೆಲ್ಲಗೆ.

"ಬಿಸಿಲು" ಎಂದೆ.

"ನೆರಳಲ್ಲಿ ಕೂತಿದೀರ."

ಏಲೂರು ಹತ್ತಿರವಾದಾಗ ಅವಳಿಗೆ ಶಾಸ್ತ್ರ ನೆನಪಾಯಿತು. ಮೂಲೆಗಳಿಗೆ ಅರಿಶಿನ ಕುಂಕುಮವಿಲ್ಲದ ಲಗ್ನಪತ್ರಿಕೆಯನ್ನು ಶುಭಕ್ಕೆ ಕೊಡುವಂತಿಲ್ಲ. ಅಂಗೈಯಲ್ಲಿ ಅರಿಶಿನ ಹಾಕಿಕೊಂಡು, ಬಾಟಲಿಯ ನೀರಿನಿಂದ ಕಲಸಿ, ಎರಡೂ ಹಾಳೆಗಳ ನಾಲ್ಕು ನಾಲ್ಕು ಮೂಲೆಗೆ ಹಚ್ಚಿ, ಮೇಲೆ ಕುಂಕುಮವಿಟ್ಟಳು. "ಒದ್ದೆ ಇದೆ, ಮಡಿಸಬೇಡಿ, ಒಣಗಲಿ" ಎಂದು ಮುಂದಕ್ಕೆ ಕೊಟ್ಟಳು. ಮಾವನವರು ಎರಡನ್ನೂ ಗಾಜಿನ ಹಿಂದೆ, ಡ್ಯಾಶ್‌ಬೋರ್ಡಿನ ಮೇಲೆ, ಎಳೆಬಿಸಿಲಿನಲ್ಲಿ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದರು. ಹಾರದಿರಲೆಂದು ಮೇಲೆ ಒಂದೊಂದು ಅಡಿಕೆ ಇಟ್ಟರು. ಎಂಥ ಶುಭಕಾರ್ಯಕ್ಕೂ ಒಪ್ಪುವ ದೃಶ್ಯ. ಏಲೂರಿನಿಂದ ವಿಜಯವಾಡದವರೆಗೆ ಎದುರಿಗೆ ಬಂದ ಪ್ರತಿಯೊಂದು ವಾಹನಕ್ಕೂ ನಾವು ನಮ್ಮ ಲಗ್ನಪತ್ರಿಕೆಯನ್ನು ತೋರಿಸುತ್ತ ಹೋದೆವು.

ವಿಜಯವಾಡದ ಬಿಸಿಲಿನ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಕಾರಿಳಿದ ಕೂಡಲೇ ಅದು ತಾನೇ ಬಂದು ಪರಿಚಯ ಹೇಳಿಕೊಳ್ಳುತ್ತದೆ. ಬೀಗರ ಮನೆಯ ಮುಂದೆ ನೆರಳಿರಲಿಲ್ಲ, ಕಾರನ್ನು ಬಯಲಲ್ಲೇ ನಿಲ್ಲಿಸಿ, ಗಾಜು ಏರಿಸಿ, ಒಳಗೆ ಹೋದೆವು. ಕಾಲಿಗೆ ನೀರು, ಮಜ್ಜಿಗೆ, ಆಮೇಲೆ ಕಾಫಿ, ಆಮೇಲೆ ಎರಡೂ ಕಡೆಯ ಹಿರಿಯರು ಪರಸ್ಪರ ಆರೋಗ್ಯ ಕೇಳುವ ಕಾರ್ಯಕ್ರಮ. ಹುಡುಗಿಯನ್ನು ಕರೆತಂದು ಕೂರಿಸಿದರು. ಗಡಿಯಾರ ನೋಡುತ್ತಿದ್ದ ಪುರೋಹಿತರು, "ಆಮೇಲೆ ಮಾತಾಡಿಕೊಳ್ಳಬಹುದು, ಲಗ್ನಪತ್ರಿಕೆ ತನ್ನಿ" ಎಂದು ತೆಲುಗಿನಲ್ಲಿ ಅವಸರ ಮಾಡಿದರು. ಷಡ್ಡಕ ಎದ್ದು ಕಾರಿಗೆ ಹೋದ.

ಹೋದವನು ಹಿಂದಕ್ಕೆ ಬಂದಾಗ ಅವನ ಮುಖದಲ್ಲಿ ನಗುವಿರಲಿಲ್ಲ. ಆ ಮುಖವನ್ನು ನಗುವಿಲ್ಲದೆ ನಾನು ನೋಡಿದ್ದು ಅದೇ ಮೊದಲು. ಕೈಯಲ್ಲಿದ್ದ ಎರಡು ಹಾಳೆಗಳೂ ಶಾಲೆಯ ಮಕ್ಕಳ ಹಲಗೆಯ ಹಾಗೆ ಕಪ್ಪಾಗಿದ್ದವು. ಅಕ್ಷರವೆಲ್ಲ ಆ ಕಪ್ಪಿನಲ್ಲಿ ಮುಳುಗಿಹೋಗಿತ್ತು. ಅಡಿಕೆ ಕೂತಿದ್ದ ಜಾಗದಲ್ಲಿ ಮಾತ್ರ ದುಂಡಗೆ ಒಂದೊಂದು ಬಿಳಿಯ ಚುಕ್ಕೆ.

ಶಾಯಿಯಿಲ್ಲದ ಆ ಯಂತ್ರ ಕಾಗದವನ್ನು ಶಾಖದಿಂದ ಸುಟ್ಟು ಅಕ್ಷರ ಮೂಡಿಸುವುದು. ಎಟಿಎಂನಿಂದ ಬರುವ ಚೀಟಿಯ ಜಾತಿಯ ಕಾಗದ. ಅದಕ್ಕೆ ಯಂತ್ರದ ಶಾಖವೂ ಒಂದೇ, ವಿಜಯವಾಡದ ಮಧ್ಯಾಹ್ನವೂ ಒಂದೇ. ಬ್ಯಾಂಕಿನಲ್ಲಿ ಕೂದಲು ಹಣ್ಣಾಗಿಸಿಕೊಂಡ ನನಗಾದರೂ ಇದು ಹೊಳೆಯಬೇಕಿತ್ತು. ನಾನು ತೆಂಗಿನ ಮರ ನೋಡುತ್ತಿದ್ದೆ.

ಹುಡುಗನ ಅಜ್ಜಿ ಮೊದಲು ಕಂಡರು. "ಅಯ್ಯೋ ದೇವುಡಾ! ಶುಭಮಾ ಅಂಟು ನಲ್ಲ ಕಾಗಿತಮಾ!" ಎಂದು ಬಾಯಿಗೆ ಸೆರಗು ಹಿಡಿದರು. ಶುಭ ಎನ್ನುವಾಗ ಕಪ್ಪು ಕಾಗದವೇ ಎಂದು. ನಮ್ಮ ಹುಡುಗಿ ತಲೆ ತಗ್ಗಿಸಿದಳು. ಅವಳ ಕೈ ತನ್ನ ಸೀರೆಯ ನೆರಿಗೆಯನ್ನು ಹಿಂಡುತ್ತಿತ್ತು. ಅವಳ ಅಪ್ಪ, ನನ್ನ ಹೆಂಡತಿಯ ಅಣ್ಣ, ಕೋಟು ಹಾಕಿಕೊಂಡೇ ಬೆವರತೊಡಗಿದರು. ಬೀಗರ ಕಡೆಯಿಂದ ಒಂದು ಗುಸುಗುಸು ಎದ್ದಿತು.

ಷಡ್ಡಕ ನೇರವಾಗಿ ಅಜ್ಜಿಯ ಮುಂದೆ ಹೋಗಿ ಮಂಡಿಯೂರಿ ಕೂತ. ತೆಲುಗಿನಲ್ಲಿ, ಬಹಳ ಗಂಭೀರವಾಗಿ ಹೇಳಿದ: "ನೋಡಿದಿರಾ ಅಮ್ಮಮ್ಮಗಾರು, ನಮ್ಮ ಮಕ್ಕಳಿಗೆ ಎಷ್ಟು ದೃಷ್ಟಿಯಾಗಿತ್ತು ಅಂತ! ದಾರಿಯುದ್ದಕ್ಕೂ ಎಷ್ಟು ಕಣ್ಣು ಬಿದ್ದಿದೆಯೋ. ಎಲ್ಲಾನೂ ಈ ಕಾಗದ ಎಳೆದುಕೊಂಡಿತು. ಇನ್ನು ಅವರಿಗೇನೂ ತಾಗೋದಿಲ್ಲ. ಇದನ್ನ ನಿವಾಳಿಸಿ ಹೊರಗೆ ಹಾಕಿಬಿಡೋಣ."

ಅಜ್ಜಿ ಒಂದು ಗಳಿಗೆ ಅವನನ್ನು ನೋಡಿದರು. ಕಾಗದವನ್ನು ನೋಡಿದರು. ಆಮೇಲೆ ನಕ್ಕುಬಿಟ್ಟರು. ಅವರು ನಕ್ಕ ಮೇಲೆ ಉಳಿದವರಿಗೆ ನಗದೆ ವಿಧಿಯಿರಲಿಲ್ಲ. ಹುಡುಗಿ ತಲೆಯೆತ್ತಿದಳು. ಅಜ್ಜಿಯೇ ಎದ್ದು ಆ ಕಪ್ಪು ಹಾಳೆಗಳನ್ನು ಇಬ್ಬರಿಗೂ ನಿವಾಳಿಸಿದರು. ತನ್ನ ಯಂತ್ರ ಮಾಡಿದ ಅನಾಹುತದಿಂದಲೂ ಶಹಭಾಸ್‌ಗಿರಿ ಪಡೆಯುವವನ ಬಗ್ಗೆ ಏನು ಹೇಳುವುದು? ಹುಡುಗಿಯ ಮುಖ ನೋಡಿ ನನಗೂ ಸಮಾಧಾನವಾಯಿತು, ಅದು ನಿಜ. ಆದರೆ ಆ ಮಾತು ನನಗೆ ಹೊಳೆಯಲಿಲ್ಲವಲ್ಲ ಎಂಬುದೂ ಅಷ್ಟೇ ನಿಜ.

"ಇನ್ನೊಂದು ಸಲ ಪ್ರಿಂಟ್ ತೆಗೆಯೋ" ಎಂದರು ಮಾವನವರು. ಅವನು ಓಡಿಹೋಗಿ ಯಂತ್ರ ತಂದ. ಅದೂ ಕಾರಿನಲ್ಲೇ ಬೆಂದಿತ್ತು. ಕೆಂಪು ದೀಪ ಮಿಟುಕಿಸಿತೇ ಹೊರತು ಹಾಳೆಯನ್ನು ಒಳಗೆ ಎಳೆದುಕೊಳ್ಳಲಿಲ್ಲ. "ಕಾದುಬಿಟ್ಟಿದೆ ಮಾವಯ್ಯ, ತಣ್ಣಗಾಗೋವರೆಗೂ ನಡೆಯಲ್ಲ." ಯಾರೋ ಅದನ್ನು ಫ್ಯಾನಿನ ಕೆಳಗಿಟ್ಟರು. ಇನ್ಯಾರೋ ಫ್ರಿಜ್ಜಿನಲ್ಲಿಡೋಣವೇ ಎಂದರು. ಪುರೋಹಿತರು ಇನ್ನೊಮ್ಮೆ ಗಡಿಯಾರ ನೋಡಿದರು.

ಆಗ ಷಡ್ಡಕನೇ, ಎಲ್ಲರಿಗೂ ಕೇಳುವಂತೆ ಹೇಳಿದ: "ಅಣ್ಣಯ್ಯ ಇರೋವಾಗ ಯಾಕೆ ಚಿಂತೆ? ಅಣ್ಣಯ್ಯ, ನೀವು ಬರೀರಿ."

ನಾನು ಬರೆದೆ. ಅವಸರವಿತ್ತು, ಶಾಸನ ಕೆತ್ತಲಿಲ್ಲ. ಆದರೂ ಕೈ ಚೆನ್ನಾಗಿ ಓಡಿತು. ಪುರೋಹಿತರು ತೆಲುಗಿನಲ್ಲಿ ಹೇಳಿದ್ದನ್ನು ಷಡ್ಡಕ ಪಕ್ಕದಲ್ಲಿ ಕೂತು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ, ಬೆವರು ಕಾಗದದ ಮೇಲೆ ಬೀಳದಂತೆ ಬೀಸಣಿಗೆಯಿಂದ ನನಗೆ ಗಾಳಿಯನ್ನೂ ಹಾಕುತ್ತಿದ್ದ. ಸುತ್ತಲೂ ಕತ್ತುಗಳು ಬಾಗಿದ್ದವು. 'ಶುಭಂ' ಎಂದು ಬರೆದು ಕೆಳಗೊಂದು ಗೆರೆಯೆಳೆದು ಮಾವನವರ ಕೈಗೆ ಕೊಟ್ಟೆ. ಲಟ್ಟಣಿಗೆಯಿಂದ ಬಂದ ಅಚ್ಚು ಒಂದು ಬಿಸಿಲಿಗೆ ಬಾಳಲಿಲ್ಲ, ಇದು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ದೊಡ್ಡವನಂತೆ ನುಂಗಿಕೊಂಡೆ.

ಮಾವನವರು ತೋಳುದ್ದ ಹಿಡಿದು ನೋಡಿದರು. "ಪರವಾಗಿಲ್ಲ" ಎಂದರು. ತಕ್ಷಣ ತಿರುಗಿ ಷಡ್ಡಕನ ಬೆನ್ನ ಮೇಲೆ ಕೈಯಿಟ್ಟು, "ಬೇಜಾರು ಮಾಡ್ಕೋಬೇಡ ಕಣೋ. ಮಿಷನ್ನು ಒಳ್ಳೇದೇ. ಬಿಸಿಲಲ್ಲಿಟ್ಟಿದ್ದು ನಾನು. ನಿನ್ನ ತಪ್ಪೇನಿದೆ?" ಎಂದರು.

ಸರಿಯಾಗಿ ಮಾಡಿದವನಿಗೆ ಒಂದು ಪರವಾಗಿಲ್ಲ, ಕೆಡಿಸಿದವನಿಗೆ ಬೆನ್ನ ಮೇಲೆ ಕೈ. ಇರಲಿ. ಹುದ್ದೆ ಉಳಿಯಿತಲ್ಲ ಎಂದುಕೊಂಡು ಪೆನ್ನಿನ ಮುಚ್ಚಳ ಹಾಕುತ್ತಿದ್ದೆ.

"ಮರಿ ಮಾದಿ?" ಎಂದರು ಹುಡುಗನ ತಂದೆ. ನಮ್ಮದೆಲ್ಲಿ ಎಂದು. ಅವರ ಕಡೆಗೆ ತೆಲುಗಿನದು ಆಗಬೇಕಿತ್ತು.

ಎಲ್ಲರೂ ಮತ್ತೆ ನನ್ನ ಕಡೆ ನೋಡಿದರು. ನಾನು ತೆಲುಗು ಮಾತಾಡುತ್ತೇನೆ, ಗ್ರಾಹಕರ ಜೊತೆ ಜಗಳವನ್ನೂ ಆಡುತ್ತೇನೆ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಓದುತ್ತೇನೆ. ಆದರೆ ಒಂದು ಸಾಲು ಬರೆ ಎಂದರೆ ನನ್ನ ಅಕ್ಷರ ಅಂಗನವಾಡಿಯದು. "ತೆಲುಗು ಬರೆಯೋ ಅಭ್ಯಾಸ ಇಲ್ಲ" ಎಂದೆ. ಪುರೋಹಿತರು ತಮ್ಮ ಕೈ ನಡುಗುತ್ತದೆ ಎಂದರು. ಹುಡುಗನ ತಂದೆ ತಮ್ಮ ಅಕ್ಷರ ತಮಗೇ ತಿಳಿಯುವುದಿಲ್ಲ ಎಂದರು. ಹುಡುಗ, ತಾನು ಫೋನಿನಲ್ಲಿ ಬಿಟ್ಟರೆ ಬೇರೆಲ್ಲೂ ಬರೆದೇ ಇಲ್ಲ ಎಂದ.

"ನಾನು ಬರೀಲಾ?" ಎಂದ ಷಡ್ಡಕ, ನನ್ನನ್ನು ನೋಡಿ. "ಅಣ್ಣಯ್ಯ, ನಿಮ್ಮ ಪೆನ್ನು ಒಂದು ಸಲ ಕೊಡ್ತೀರಾ?"

ಆ ಪೆನ್ನನ್ನು ನಾನು ನನ್ನ ಮಕ್ಕಳಿಗೂ ಕೊಟ್ಟವನಲ್ಲ. ಕೊಟ್ಟೆ. ಕಾಗದವನ್ನೂ ಕೊಟ್ಟೆ. ಒಳಗೊಳಗೆ ನನಗೊಂದು ನೆಮ್ಮದಿಯಿತ್ತು. ಯಂತ್ರವನ್ನು ನಂಬಿ ಬದುಕುವವನ ಕೈಬರಹ ಹೇಗಿರುತ್ತದೆಂದು ಈಗ ಎಲ್ಲರೂ ನೋಡಲಿ, ಪಕ್ಕದಲ್ಲೇ ನನ್ನದೂ ಇದೆ, ಹೋಲಿಸಲು ಅನುಕೂಲ.

ಅವನು ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ನನ್ನು ಒಮ್ಮೆ ಬೆರಳ ನಡುವೆ ತಿರುಗಿಸಿ ನಿಬ್ಬಿನ ಮೊನೆ ನೋಡಿ, ಬರೆಯತೊಡಗಿದ. ನನಗೆ ಬರೆಯಲು ಬಾರದಿದ್ದರೂ ನೋಡಲು ಬರುತ್ತದೆ. ಮೊದಲ ಸಾಲಿಗೇ ನಾನು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಗ್ಗಿದೆ. ಅಕ್ಷರಗಳು ಒಂದೇ ಎತ್ತರ, ಒಂದೇ ದುಂಡು, ತಲೆಕಟ್ಟುಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ಕೆಳಗಿನ ಒತ್ತುಗಳು ಅಳತೆ ಹಿಡಿದಂತೆ ಕೂತಿದ್ದವು. ಗೆರೆಯಿಲ್ಲದ ಕಾಗದದ ಮೇಲೆ ಸಾಲು ಕೂದಲೆಳೆಯಷ್ಟೂ ಓರೆಯಾಗಲಿಲ್ಲ. ನನ್ನದೇ ಪೆನ್ನು. ನನ್ನ ಕೈಯಲ್ಲಿ ಅದು ಇಷ್ಟು ವರ್ಷ ಏನು ಮಾಡುತ್ತಿತ್ತು ಎಂದು ಅದನ್ನೇ ಕೇಳಬೇಕೆನಿಸಿತು.

ಮಾವನವರಿಗೆ ತೆಲುಗು ಓದಲು ಚೆನ್ನಾಗಿ ಬರುತ್ತದೆ. ಕಾಗದವನ್ನು ತೆಗೆದುಕೊಂಡರು. ತೋಳುದ್ದ ಹಿಡಿಯಲಿಲ್ಲ, ಕಣ್ಣಿನ ಹತ್ತಿರಕ್ಕೆ ತಂದುಕೊಂಡರು.

"ಆಹಾ" ಎಂದರು.

ಆ ಮನೆಯ ಅಳಿಯನಾಗಿ ಇಷ್ಟು ಕಾಲ ಬಾಳಿದ ಮೇಲೆ ಆ ಮಾತು ಅವರ ಬಾಯಲ್ಲಿ ಇದೆ ಎಂಬುದೇ ನನಗೆ ಆಗ ತಿಳಿದದ್ದು.

"ಎಲ್ಲಿ ಕಲಿತೆಯೋ ಇದನ್ನ? ಇಷ್ಟು ದಿನ ಯಾಕೋ ಬಾಯಿ ಬಿಡಲಿಲ್ಲ?"

"ನಮ್ಮ ಅಪ್ಪ ಅಂಗಡಿ ಬೋರ್ಡ್ ಬರೀತಿದ್ರಲ್ಲ ಮಾವಯ್ಯ. ಚಿಕ್ಕೋನಿದ್ದಾಗ ಜೊತೆಗೆ ಕೂರಿಸಿಕೊಳ್ತಿದ್ರು" ಎಂದ, ಏನೂ ಅಲ್ಲವೆಂಬಂತೆ. "ಬಾಯಿ ಯಾಕೆ ಬಿಡಬೇಕು? ನಮ್ಮ ಮನೇಲಿ ಬರೆಯೋದು ಅಣ್ಣಯ್ಯನ ಕೆಲಸ. ಅವರಿಗೆ ಅದು ಇಷ್ಟ."

ಅವನು ಅದನ್ನು ಚುಚ್ಚಲು ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಿಜವಾಗಿ ಹೇಳಿದ. ಅಂದರೆ ಇಷ್ಟು ಮದುವೆಗಳಲ್ಲಿ ನಾನು ಕತ್ತು ನೆಟ್ಟಗೆ ಮಾಡಿಕೊಂಡು ಕೂತಿದ್ದ ಸಿಂಹಾಸನವನ್ನು, ಅವನು ಪಕ್ಕದಲ್ಲಿ ನಿಂತು ಮಜ್ಜಿಗೆ ಹಂಚುತ್ತ, ನನಗೆ ಬಿಟ್ಟುಕೊಟ್ಟಿದ್ದ.

ಶಾಸ್ತ್ರ ರಾಹುಕಾಲಕ್ಕೆ ಮುಂಚೆಯೇ ಮುಗಿಯಿತು. ಎರಡು ಲಗ್ನಪತ್ರಿಕೆಗಳೂ ತಟ್ಟೆಯಲ್ಲಿ ಅಕ್ಕಪಕ್ಕ ಕೂತವು. ನಮ್ಮ ಹುಡುಗಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಓದಲು ಮಾತ್ರ ತಡವರಿಸುತ್ತಾಳೆ. ಓದಿ ಕಲಿತದ್ದೆಲ್ಲ ತೆಲುಗು. ಅವಳು ನನ್ನದನ್ನು ಕಣ್ಣಿಗೊತ್ತಿಕೊಂಡಳು, ಅವನದನ್ನು ಓದಿದಳು. ಫೋಟೋ ತೆಗೆಯಲು ಎರಡನ್ನೂ ಹಿಡಿದು ನಿಂತಾಗ ನಾನು ಊಟದ ಎಲೆ ಎಲ್ಲಿ ಹಾಕಿದ್ದಾರೆಂದು ವಿಚಾರಿಸಲು ಹೊರಟೆ.

ಬಿಸಿಲಿಳಿದ ಮೇಲೆ ಹೊರಟೆವು. ಏಲೂರು ದಾಟುವವರೆಗೂ ಮಾವನವರು ಆ ಅಕ್ಷರದ ಗುಂಗಿನಲ್ಲೇ ಇದ್ದರು. ಆಮೇಲೆ ಹಿಂದಕ್ಕೆ ತಿರುಗಿ ಹೇಳಿದರು: "ಮುಂದಿನ ವರ್ಷ ಈ ಹುಡುಗಿಯ ತಮ್ಮನಿಗೂ ನೋಡ್ತಾರಂತೆ. ಆಗ ಹೀಗೇ ಮಾಡೋಣ. ಕನ್ನಡದ್ದು ನೀವು ಬರೀರಿ, ತೆಲುಗುದು ಇವನು ಬರೀಲಿ. ಎರಡನ್ನೂ ಜೊತೆಗಿಟ್ಟು ಎಲ್ಲರಿಗೂ ತೋರಿಸೋಣ. ಏನಂತೀರಿ?"

ಜೊತೆಗಿಟ್ಟು, ಎಲ್ಲರಿಗೂ. ನಾನು ಗಂಟಲು ಸರಿಮಾಡಿಕೊಂಡೆ.

"ಬೇಡ ಮಾವ" ಎಂದೆ. "ಕಾಲ ಬದಲಾಗಿದೆ. ಇನ್ನೂ ಕೈಯಲ್ಲಿ ಬರ್ಕೊಂಡು ಕೂರೋದು ನಮಗೆ ಶೋಭೆಯಲ್ಲ. ಪ್ರಿಂಟೇ ಸರಿ. ಎಷ್ಟು ಚೊಕ್ಕ, ಎಷ್ಟು ಬೇಗ. ಇವತ್ತು ಆದದ್ದು ಮಿಷನ್ನಿನ ತಪ್ಪಲ್ಲ, ಕಾಗದದ ತಪ್ಪು. ಶಾಯಿ ಹಾಕೋ ಪ್ರಿಂಟರು ಬರುತ್ತಲ್ಲ, ಅದನ್ನ ತರಿಸಿದರಾಯ್ತು."

ನನ್ನ ಹೆಂಡತಿ ಪೂರ್ತಿ ನನ್ನ ಕಡೆ ತಿರುಗಿ, ಹಣೆ ಮುಟ್ಟಿ ನೋಡಿದಳು.

"ನಿಜವಾಗ್ಲೂನಾ ಅಣ್ಣಯ್ಯ?" ಎಂದ ಷಡ್ಡಕ. ಕನ್ನಡಿಯಲ್ಲಿ ಅವನ ಕಣ್ಣು ಸಂತೋಷದಿಂದ ಹೊಳೆಯುತ್ತಿತ್ತು. "ನಿಮಗೆ ಇಷ್ಟ ಆಗಲ್ಲ ಅಂದುಕೊಂಡಿದ್ದೆ!"

"ಇಷ್ಟ ಯಾಕಾಗಲ್ಲ? ನಾನೇ ಕೊಡಿಸ್ತೀನಿ."

ಮುಂದೆ ಚಹಾಕ್ಕೆ ನಿಲ್ಲಿಸಿದಾಗ ಅವನು ಫೋನಿನಲ್ಲಿ ಒಂದೊಂದೇ ಪ್ರಿಂಟರನ್ನು ತೋರಿಸುತ್ತ, ಇದು ಹಗುರ, ಇದು ಬೇಗ, ಇದರಲ್ಲಿ ಬಣ್ಣವೂ ಬರುತ್ತದೆ, ಯಾವುದು ತೆಗೆದುಕೊಳ್ಳೋಣ ಎಂದು ಕೇಳಿದ. ನಾನು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಶ್ರದ್ಧೆಯಿಂದ ನೋಡಿದೆ.

"ಬೇರೆ ಏನಾದರೂ ಆಗಲಿ" ಎಂದೆ, "ತೆಲುಗು ಚೆನ್ನಾಗಿ ಬರೋದು ಯಾವುದೋ ಅದನ್ನೇ ತಗೋ."